ಈಟಿ ಕೆಳಗಿಟ್ಟ ಮೇಲೆ

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ರಿಲೀಸ್ ಇತ್ತು. ಬಿಲ್ಡ್ ಓಡ್ತಾ ಇರುವಾಗ ಮಾಡೋಕೆ ಬೇರೆ ಕೆಲಸ ಇರಲ್ಲ, ಹಾಗಂತ ಮಲಗೋ ಹಾಗೂ ಇಲ್ಲ. ಪಕ್ಕದ ಸ್ಕ್ರೀನಿನಲ್ಲಿ 'ಪ್ಲೇಯಿಂಗ್ ವಿತ್ ಶಾರ್ಕ್ಸ್' ಅನ್ನೋ ಸಾಕ್ಷ್ಯಚಿತ್ರ ಹಾಕಿಕೊಂಡೆ. ಒಂದೂವರೆ ಗಂಟೆಯ ಚಿತ್ರ. ಬಿಲ್ಡ್ ಎರಡು ಸಲ ಫೇಲ್ ಆಯ್ತು, ಚಿತ್ರ ಪೂರ್ತಿ ನೋಡಿದೆ. ಆಮೇಲೆ ಭಾನುವಾರ ಮತ್ತೊಮ್ಮೆ ನೋಡಿದೆ. ಎರಡನೇ ಸಲ ನೋಡುವಾಗ ಒಂದು ಸಣ್ಣ ಸಿಟ್ಟು ಶುರುವಾಯ್ತು. ಆ ಸಿಟ್ಟು ಚಿತ್ರದ ಮೇಲೋ ನನ್ನ ಮೇಲೋ ಅಂತ ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು.

ಸ್ಯಾಲಿ ಏಟ್‌ಕಿನ್ ನಿರ್ದೇಶಿಸಿದ, 2021ರಲ್ಲಿ ಬಂದ ಈ ಚಿತ್ರ ಆಸ್ಟ್ರೇಲಿಯಾದ ವ್ಯಾಲೆರಿ ಟೇಲರ್ ಅವರ ಕಥೆ. 1935ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಕಾಲು ಸೋತಿದ್ದ ಹುಡುಗಿ ಮುಂದೆ ಸಮುದ್ರಕ್ಕಿಳಿದು ಈಟಿಯಲ್ಲಿ ಮೀನು ಹೊಡೆಯೋದರಲ್ಲಿ ದೇಶದ ಚಾಂಪಿಯನ್ ಆದಳು. ಅದೇ ಹುಚ್ಚಿನ ರಾನ್ ಟೇಲರ್ ಅನ್ನುವವರನ್ನ ಸಿಡ್ನಿಯ ಸ್ಪಿಯರ್‌ಫಿಶಿಂಗ್ ಕ್ಲಬ್ಬಿನಲ್ಲಿ ಕಂಡು, 1963ರಲ್ಲಿ ಮದುವೆಯಾದರು. ರಾನ್ 1965ರಲ್ಲಿ ತಾಹಿತಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಈಟಿ ಬಿಟ್ಟು ಕ್ಯಾಮೆರಾ ಹಿಡಿದರು. ಶಾರ್ಕ್‌ಗಳ ಜೊತೆ ಈಜಿದರು, ಶಾರ್ಕ್‌ಗಳನ್ನ ಉಳಿಸಿ ಅಂತ ಸರ್ಕಾರದ ಬಾಗಿಲು ತಟ್ಟಿದರು.

ಮೊದಲೇ ಹೇಳಿಬಿಡ್ತೀನಿ, ಚಿತ್ರ ಚೆನ್ನಾಗಿದೆ. ರಾನ್ ತೆಗೆದ ಹಳೇ ರೀಲುಗಳನ್ನ ತೊಳೆದು ಒರೆಸಿ ತೋರಿಸಿದ್ದಾರೆ. ಅರುವತ್ತರ ದಶಕದ ಆ ನೀಲಿ ನೀರು, ಆ ಹವಳದ ದಿಬ್ಬಗಳು, ಅದರ ಮಧ್ಯೆ ತಲೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡ ಒಂದು ಹೆಣ್ಣು. ಟೀಮ್ ಔಟಿಂಗ್ ಅಂತ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿಯಲ್ಲಿ ಅರ್ಧ ಗಂಟೆ ನೀರೊಳಗಿದ್ದು, ಗೋಪ್ರೋ ವೀಡಿಯೋ ಸ್ಟೇಟಸ್ಸಿಗೆ ಹಾಕಿದ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತೆ. ಎಂಬತ್ತು ದಾಟಿದ ವ್ಯಾಲೆರಿ ಕ್ಯಾಮೆರಾ ಎದುರು ಕೂತು ಮಾತಾಡೋದು ಕೇಳೋಕೂ ಖುಷಿ. ಯಾವ ಸೋಗೂ ಇಲ್ಲ. ನಮ್ಮೂರಲ್ಲಿ ಅಜ್ಜಿಯಂದಿರು ಹಾವು ಹಿಡಿದಿದ್ದನ್ನ ಹೇಳೋ ಹಾಗೆ, ಶಾರ್ಕ್ ಕಚ್ಚಿದ್ದನ್ನ ಹೇಳ್ತಾರೆ.

ನನ್ನ ತಕರಾರು ಇರೋದು ಈಟಿ ಕೆಳಗಿಡೋ ಜಾಗದಲ್ಲಿ.

ಈ ಸ್ಪರ್ಧೆಗಳು ಹೇಗೆ ನಡೀತಿದ್ದವು ಅಂದ್ರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ. ಉಸಿರು ಕಟ್ಟಿ ಮುಳುಗಬೇಕು, ಹೊಡೀಬೇಕು, ಮೇಲೆ ಬರಬೇಕು. ದಿನದ ಕೊನೆಗೆ ಮೀನು ತೂಗಿ ಅಂಕ. ಅಂಥ ಒಂದು ಸ್ಪರ್ಧೆಯ ಮಧ್ಯದಲ್ಲಿ ರಾನ್‌ಗೆ ಏನೋ ಆಯ್ತು. ಈ ಪಾಪದ ಜೀವಿಗಳನ್ನ ಯಾಕೆ ಕೊಲ್ತಿದೀನಿ ಅನ್ನಿಸಿ, ಹಿಡಿದ ಮೀನನ್ನ ತೂಕಕ್ಕೂ ಹಾಕದೆ ಮನೆಗೆ ಹೋದೆ, ಮತ್ತೆ ಯಾವ ಸ್ಪರ್ಧೆಗೂ ಹೋಗಲಿಲ್ಲ ಅಂತ ಅವರು ಆಮೇಲೆ ಹೇಳಿಕೊಂಡಿದ್ದಾರೆ. ಚಾಂಪಿಯನ್ ಒಬ್ಬ ಮೀನು ತೂಗಿಸದೆ ಎದ್ದು ಹೋಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ಆದರೆ ಚಿತ್ರದಲ್ಲಿ ಈ ತಿರುವು ಬಸ್ಸು ಸ್ಟಾಪಿಲ್ಲದ ಕಡೆ ಪ್ಯಾಸೆಂಜರ್ ಇಳಿಸಿದ ಹಾಗೆ ಮುಗಿದುಹೋಗುತ್ತೆ. ಸತ್ತ ಮೀನುಗಳು, ಬೇಸರದ ಸಂಗೀತ, ಸಾಕು ಅನ್ನೋ ಮಾತು. ಮುಂದಿನ ದೃಶ್ಯದಲ್ಲಿ ಕೈಯಲ್ಲಿ ಕ್ಯಾಮೆರಾ. ಹಿಂದಿನದು ಪಾಪ, ಮುಂದಿನದು ಪುಣ್ಯ. ಮಧ್ಯೆ ಗೆರೆ.

ಈ ಥರದ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ನಾವೆಲ್ಲ ಹೈಸ್ಕೂಲಿನಲ್ಲಿ ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನ ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಓದಿ, ರಾತ್ರಿ ಹಿತ್ತಲಿಗೆ ಹೋಗೋಕೆ ಹೆದರಿದವರು. ಹುಲಿ ಹೊಡೆದವನೇ ಕಾಡಿನ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಬರೀತಾನೆ. ಇದು ನಮಗೆ ಇಷ್ಟ ಆಗೋಕೆ ಕಾರಣ ಇದೆ. ಬೇಟೆಯ ರೋಮಾಂಚನವೂ ಸಿಗುತ್ತೆ, ಕೊನೆಗೆ ಮನಸ್ಸೂ ಹಗುರ. ನನಗಂತೂ ಹಾಗೇ ಆಗ್ತಿತ್ತು. ಅದಕ್ಕೇ ಈಗ ಅನುಮಾನ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮುಂಗಾರಿನ ಮೊದಲ ದೊಡ್ಡ ಮಳೆ ಹೊಡೆದು, ಹಳ್ಳ ಕೆಂಪಾಗಿ, ನೀರು ಗದ್ದೆಗೆ ನುಗ್ಗಿತು ಅಂದ್ರೆ ಆ ರಾತ್ರಿ ಹತ್ಮೀನು. ಹೊಳೆಯ ಮೀನು ಮೊಟ್ಟೆ ಇಡೋಕೆ ಅಂತ ನೀರಿಗೆ ಎದುರಾಗಿ ಹಳ್ಳ ಹತ್ತಿ, ಹಳ್ಳದಿಂದ ಗದ್ದೆ ಹತ್ತುತ್ತವೆ. ಹತ್ತೋ ಮೀನು, ಹತ್ತುಮೀನು, ನಮ್ಮ ಬಾಯಲ್ಲಿ ಹತ್ಮೀನು. ಆ ರಾತ್ರಿ ಊರಲ್ಲಿ ಯಾರೂ ಮಲಗ್ತಿರಲಿಲ್ಲ. ತಲೆಗೆ ಕಂಬಳಿ ಕೊಪ್ಪೆ, ಒಂದು ಕೈಯಲ್ಲಿ ಬ್ಯಾಟ್ರಿ, ಇನ್ನೊಂದರಲ್ಲಿ ಕತ್ತಿ. ಮೊಳಕಾಲುದ್ದ ನೀರಲ್ಲಿ ಬ್ಯಾಟ್ರಿ ಬಿಟ್ಟರೆ ಮೀನು ಒಂದು ಕ್ಷಣ ತಬ್ಬಿಬ್ಬಾಗಿ ನಿಲ್ಲುತ್ತೆ. ಆ ಕ್ಷಣದಲ್ಲಿ ಕತ್ತಿ ಬೀಸಬೇಕು, ಅದೂ ಕಂಡ ಜಾಗಕ್ಕಲ್ಲ. ನೀರೊಳಗಿನ ಮೀನು ಕಾಣೋದು ಒಂದು ಕಡೆ, ಇರೋದು ಇನ್ನೊಂದು ಕಡೆ. ಇದನ್ನ ವಕ್ರೀಭವನ ಅಂತಾರೆ ಅಂತ ಪಿಯುಸಿಯಲ್ಲಿ ಗೊತ್ತಾಯ್ತು, ಆದರೆ ಎಷ್ಟು ಕೆಳಗೆ ಹೊಡೀಬೇಕು ಅಂತ ಐದನೇ ಕ್ಲಾಸಿನಲ್ಲೇ ಕೈಗೆ ಗೊತ್ತಿತ್ತು.

ಅದನ್ನ ಕಲಿಸಿದ್ದು ನನ್ನ ಗೆಳೆಯ. ನನಗಿಂತ ಎರಡು ವರ್ಷ ದೊಡ್ಡವನು, ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟ. ಯಾವ ಮಳೆಗೆ ಮೀನು ಹತ್ತುತ್ತೆ, ಯಾವ ಮಳೆಗೆ ಬರೀ ಕಪ್ಪೆ ಕೂಗುತ್ತೆ ಅಂತ ಅವನು ಸಂಜೆಯೇ ಹೇಳ್ತಿದ್ದ. ಮಡೆಯಲ್ಲಿ ನೀರು ಇಳಿಯೋ ಸದ್ದು ಕೇಳಿ, ಇಲ್ಲಿ ಕಾದರೆ ಮುಗುಡು ಬರುತ್ತೆ ಅಂತ ನಿಲ್ಲಿಸ್ತಿದ್ದ. ಬರ್ತಿತ್ತು. ಹಿಡಿದ ಮೀನು ಬಗೆದರೆ ಒಳಗೆ ಹಳದಿ ಮೊಟ್ಟೆಯ ಗಂಟು. ಅದನ್ನ ಬೇರೆಯಾಗಿ ಹುರಿದು ತಿಂತಿದ್ವಿ, ತುಂಬಾ ರುಚಿ. ಒಂದೊಂದು ಗಂಟಿನಲ್ಲಿ ಎಷ್ಟು ಸಾವಿರ ಮೀನಿತ್ತು ಅನ್ನೋ ಲೆಕ್ಕ ಆಗ ತಲೆಗೆ ಬರಲಿಲ್ಲ. ಬಿಇಗೆ ಅಂತ ಊರು ಬಿಟ್ಟ ಮೇಲೆ ನಾನು ಕತ್ತಿ ಹಿಡಿದಿಲ್ಲ. ಕರುಣೆ ಉಕ್ಕಿ ಅಲ್ಲ, ಜೂನ್ ತಿಂಗಳಲ್ಲಿ ರಜೆ ಸಿಗಲ್ಲ, ಅಷ್ಟೇ.

ಹಾಗಾಗಿ ಚಿತ್ರದ ಪಾಪ-ಪುಣ್ಯದ ಗೆರೆ ನೋಡಿದಾಗ ನನಗೆ ಅನ್ನಿಸಿದ್ದು ಇದು: ವ್ಯಾಲೆರಿ ಶಾರ್ಕ್ ಹತ್ತಿರ ಅಷ್ಟು ನಿರಾಳವಾಗಿ ಇರೋಕೆ ಕಲಿತದ್ದು ಎಲ್ಲಿ? ಕ್ಯಾಮೆರಾ ಹಿಡಿದ ಮೇಲೆ ಅಲ್ಲ. ಉಸಿರು ಕಟ್ಟಿ ಬಂಡೆಯ ಮರೆಯಲ್ಲಿ ಕಾಯೋದು, ಮೀನಿನ ಮೈ ತಿರುಗೋ ರೀತಿ ನೋಡಿ ಅದು ಬರುತ್ತೋ ಓಡುತ್ತೋ ಅಂತ ತಿಳಿಯೋದು, ನೀರಲ್ಲಿ ರಕ್ತ ಬಿದ್ದಾಗ ಸುತ್ತ ಯಾರು ಬಂದರು ಅಂತ ಬೆನ್ನಿನಿಂದಲೇ ಗೊತ್ತು ಮಾಡಿಕೊಳ್ಳೋದು. ಇದೆಲ್ಲ ಈಟಿ ಕಲಿಸಿದ ಪಾಠ. 1971ರಲ್ಲಿ ಬಂದ 'ಬ್ಲೂ ವಾಟರ್, ವೈಟ್ ಡೆತ್' ಚಿತ್ರಕ್ಕಾಗಿ ಪೀಟರ್ ಗಿಂಬೆಲ್ ತಂಡ ದಕ್ಷಿಣ ಆಫ್ರಿಕಾದ ಡರ್ಬನ್ ಹತ್ತಿರ ಸಮುದ್ರಕ್ಕೆ ಹೋಗಿತ್ತು. ಸತ್ತ ತಿಮಿಂಗಿಲದ ದೇಹವನ್ನ ನೂರಾರು ಶಾರ್ಕ್‌ಗಳು ಮುಕ್ಕುತ್ತಿರುವಾಗ, ರಾನ್ ಮತ್ತು ವ್ಯಾಲೆರಿ ಜೊತೆಗಾರರೊಂದಿಗೆ ಪಂಜರದ ಬಾಗಿಲು ತೆಗೆದು ಹೊರಗೆ ಬಂದರು. ಅಲ್ಲಿವರೆಗೆ ಯಾರೂ ಹೀಗೆ ಮಾಡಿರಲಿಲ್ಲ. ಶಾರ್ಕ್‌ಗಳು ಮೊದಲು ಬಂದು ಮೂತಿಯಿಂದ ಗುದ್ದಿ ನೋಡುತ್ತವೆ, ವಾಪಸ್ ಗುದ್ದಿದರೆ ಇವನೂ ನಮ್ಮ ಹಾಗೆ ಒಬ್ಬ ಅಂತ ಬಿಡುತ್ತವೆ ಅನ್ನೋದನ್ನ ಅವರು ನೀರಲ್ಲೇ ಕಂಡುಕೊಂಡರು. ಇದನ್ನ ಪ್ರೀತಿ ಅಂತ ಹೇಳಿ ಚಿತ್ರ ಮುಂದೆ ಹೋಗುತ್ತೆ. ನನಗೆ ಅದರಲ್ಲಿ ಕಾಣಿಸಿದ್ದು ಬೇಟೆಗಾರರ ವಿದ್ಯೆ. 'ಕರ್ವಾಲೊ' ಓದಿದವರಿಗೆ ಇದು ಥಟ್ ಅಂತ ಗೊತ್ತಾಗುತ್ತೆ. ಅಲ್ಲಿ ವಿಜ್ಞಾನಿಗೆ ಹಾರುವ ಓತಿ ಹುಡುಕೋಕೆ ಬೇಕಾದವನು ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಮಂದಣ್ಣ.

ಹಾಗಂತ ಈಟಿಯನ್ನ ಹೊಗಳೋಕೆ ನಾನು ಕೂತಿಲ್ಲ. ಚಿತ್ರ ಇನ್ನೂ ನಿಂತು ಹೇಳಬೇಕಿತ್ತು ಅನ್ನಿಸೋ ಇನ್ನೊಂದು ಲೆಕ್ಕ ಇದೆ, ಅದು ಕಹಿಯಾದದ್ದು. ಗ್ರೇ ನರ್ಸ್ ಅಂತ ಒಂದು ಶಾರ್ಕ್. ಬಾಯಿ ಮುಚ್ಚಿದ್ದರೂ ಹಲ್ಲು ಹೊರಗೆ ಕಾಣುತ್ತೆ. ನೋಡೋಕೆ ಭಯಂಕರ, ಸ್ವಭಾವ ಸಾಧು, ತಿನ್ನೋದು ಮೀನು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಮುಖ ನೋಡಿ ಇದನ್ನ ನರಭಕ್ಷಕ ಅಂತ ಹೆಸರಿಟ್ಟರು. ಐವತ್ತು-ಅರುವತ್ತರ ದಶಕದಲ್ಲಿ ಇವುಗಳನ್ನ ಸಾಲುಸಾಲಾಗಿ ಕೊಂದವರಲ್ಲಿ ಈ ಸ್ಪಿಯರ್‌ಫಿಶಿಂಗ್ ಗೆಳೆಯರೂ ಇದ್ದರು. ಈಟಿಯ ತುದಿಗೆ ಮದ್ದುಗುಂಡು ಸಿಕ್ಕಿಸಿ ಹೊಡೆಯೋದು, ದಡಕ್ಕೆಳೆದು ಫೋಟೋ ತೆಗೆಸಿಕೊಳ್ಳೋದು. ಗಂಡಸರ ಗುಂಪು, ರಜಾದಿನ, ಬಿಯರು. ನಮ್ಮ ಗದ್ದೆಯ ರಾತ್ರಿಗೂ ಇದಕ್ಕೂ ತುಂಬಾ ದೂರ ಇಲ್ಲ, ಆದರೆ ನಾವು ತಿಂತಿದ್ವಿ. 1984ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರೇ ನರ್ಸ್‌ಗೆ ಕಾನೂನಿನ ರಕ್ಷಣೆ ಕೊಟ್ಟಿತು. ಜಗತ್ತಿನಲ್ಲೇ ಮೊದಲು ಹೀಗೆ ರಕ್ಷಣೆ ಪಡೆದ ಶಾರ್ಕ್ ಅದು. ಅದಕ್ಕಾಗಿ ಓಡಾಡಿದವರಲ್ಲಿ ಟೇಲರ್ ದಂಪತಿ ಪ್ರಮುಖರು. ಆ ಓಡಾಟಕ್ಕೆ ತೂಕ ಬರೋದೇ ಕೊಂದವರು ತಮ್ಮದೇ ಗುಂಪಿನವರು ಅನ್ನೋದರಿಂದ. ಚಿತ್ರ ಗೆಲುವಿನ ಕಡೆಗೆ ಬೇಗ ಹೆಜ್ಜೆ ಹಾಕುತ್ತೆ.

'ಜಾಸ್' ವಿಷಯದಲ್ಲಿ ಮಾತ್ರ ಚಿತ್ರ ಮುಜುಗರವನ್ನ ಬಚ್ಚಿಡಲ್ಲ. 1975ರ ಆ ಸಿನಿಮಾದ ನಿಜವಾದ ಶಾರ್ಕ್ ದೃಶ್ಯಗಳನ್ನ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ ಕಡೆ ತೆಗೆದವರು ಇದೇ ರಾನ್ ಮತ್ತು ವ್ಯಾಲೆರಿ. ಶಾರ್ಕ್ ದೈತ್ಯನಂತೆ ಕಾಣಲಿ ಅಂತ ಸಣ್ಣ ಪಂಜರ, ಅದರಲ್ಲಿ ಇಳಿಸೋಕೆ ಗಿಡ್ಡ ಸ್ಟಂಟ್‌ಮನ್. ಒಂದು ಶಾರ್ಕ್ ಪಂಜರದ ಹಗ್ಗಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡಿ ಪಂಜರ ಪುಡಿ ಮಾಡಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಆ ದೃಶ್ಯ ಎಷ್ಟು ಚೆನ್ನಾಗಿತ್ತು ಅಂದ್ರೆ, ಖಾಲಿ ಪಂಜರಕ್ಕೆ ಹೊಂದೋ ಹಾಗೆ ಕಥೆಯನ್ನೇ ಬದಲಾಯಿಸಿ, ಕಾದಂಬರಿಯಲ್ಲಿ ಸಾಯೋ ಹೂಪರ್‌ನನ್ನ ಸಿನಿಮಾದಲ್ಲಿ ಬದುಕಿಸಿದರು. ಹಗ್ಗ ಬಿಡಿಸಿಕೊಳ್ಳೋಕೆ ಒದ್ದಾಡಿದ ಒಂದು ಪ್ರಾಣಿಯ ಗಾಬರಿಯನ್ನ ಇಡೀ ಜಗತ್ತು ಅದರ ಸಿಟ್ಟು ಅಂತ ಓದಿತು. ಆಮೇಲೆ ಶಾರ್ಕ್ ಕೊಲ್ಲೋದು ಗಂಡಸುತನ ಅನ್ನೋ ಗಾಳಿ ಬೀಸಿತು. ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಕೂಡ ಕಡೆಗಾಲದಲ್ಲಿ ಶಾರ್ಕ್ ಪರವಾಗಿ ಕೆಲಸ ಮಾಡಿದರು. ವ್ಯಾಲೆರಿ ಈ ಭಾಗ ಹೇಳುವಾಗ ಮುಖದಲ್ಲಿ ಏನೋ ಬದಲಾಗುತ್ತೆ. ಮೀನು ಹೊಡೆದದ್ದಕ್ಕಿಂತ ಇದು ಹೆಚ್ಚು ಕಾಡಿದ ಹಾಗೆ ನನಗನ್ನಿಸ್ತು. ಈಟಿಯಿಂದ ಕೊಂದದ್ದನ್ನ ಲೆಕ್ಕ ಹಾಕಬಹುದು, ಕ್ಯಾಮೆರಾದಿಂದ ಕೊಂದದ್ದನ್ನ ಹೇಗೆ ಲೆಕ್ಕ ಹಾಕೋದು?

ಈಟಿಗೆ ಇನ್ನೂ ಒಂದು ಜನ್ಮ ಇದೆ. ಅದು ಈ ಚಿತ್ರದ ಕಥೆಯಲ್ಲ, ಆದರೆ ಚಿತ್ರ ಮುಗಿದ ಮೇಲೆ ನಾನು ರಾತ್ರಿ ಎರಡು ಗಂಟೆವರೆಗೆ ಓದಿದ್ದು ಅದನ್ನೇ. ಟ್ಯಾಗಿಂಗ್. ಶಾರ್ಕ್ ಎಲ್ಲಿ ಹೋಗುತ್ತೆ, ಎಷ್ಟು ಆಳ ಇಳಿಯುತ್ತೆ ಅಂತ ತಿಳಿಯೋಕೆ ಅದರ ಬೆನ್ನಿನ ರೆಕ್ಕೆಯ ಬುಡದಲ್ಲಿ ಒಂದು ಸಾಧನ ಸಿಕ್ಕಿಸಬೇಕು. ಕೆಲವು ಕಡೆ ಗಾಳ ಹಾಕಿ ಹಿಡಿದು ಸಿಕ್ಕಿಸ್ತಾರೆ. ಇನ್ನು ಕೆಲವು ಕಡೆ ಮೀನಿಗೆ ಅದರ ಪಾಡಿಗೆ ಈಜೋಕೆ ಬಿಟ್ಟು, ಹತ್ತಿರ ಬಂದಾಗ ಉದ್ದ ಕೋಲಿನ ತುದಿಯಿಂದ ಚುಚ್ಚಿಬಿಡ್ತಾರೆ. ತುದಿಯಲ್ಲಿ ಸಣ್ಣ ಮುಳ್ಳು, ಮುಳ್ಳಿಗೆ ದಾರ, ದಾರಕ್ಕೆ ಟ್ಯಾಗ್. ನೋಡಿದರೆ ಅದೇ ಈಟಿ! ಅದೇ ಕಾಯುವಿಕೆ, ಅದೇ ಕೈ, ಗುರಿ ಮಾತ್ರ ಸಾಯಿಸದ ಜಾಗಕ್ಕೆ.

ಹೀಗೆ ಹವ್ಯಾಸಿಗಳನ್ನೇ ಸಂಶೋಧನೆಗೆ ಎಳೆದ ದೊಡ್ಡ ಪ್ರಯೋಗ ಅಮೆರಿಕದ್ದು. ಜಾಕ್ ಕೇಸಿ ಅನ್ನೋ ಜೀವವಿಜ್ಞಾನಿ 1962ರಲ್ಲಿ ಶುರು ಮಾಡಿದ್ದು. ಸಂಶೋಧಕರ ಹತ್ತಿರ ಅಷ್ಟು ದೋಣಿ, ಅಷ್ಟು ಜನ ಎಲ್ಲಿ? ಭಾನುವಾರ ಗೆಳೆಯರ ಜೊತೆ ಶಾರ್ಕ್ ಹಿಡಿಯೋಕೆ ಹೋಗೋರ ಕೈಗೇ ಟ್ಯಾಗ್ ಕೊಟ್ಟರು. ಹಿಡಿದದ್ದನ್ನ ಕೊಲ್ಲಬೇಡಿ, ಇದನ್ನ ಚುಚ್ಚಿ ಬಿಡಿ, ಚೀಟಿ ತುಂಬಿ ಕಳಿಸಿ ಅಂತ. ಪುಟ್ಟ ಕೊಳವೆಯೊಳಗೆ ಹಲವು ಭಾಷೆಗಳಲ್ಲಿ ಬರೆದ ಒಂದು ಸುರುಳಿ ಕಾಗದ. ಎಷ್ಟೋ ವರ್ಷದ ಮೇಲೆ ಇನ್ನೆಲ್ಲೋ ಯಾರೋ ಆ ಶಾರ್ಕ್ ಹಿಡಿದು ಕಾಗದ ಬಿಚ್ಚಿ ವಾಪಸ್ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿವರೆಗೆ 2 ಲಕ್ಷಕ್ಕೂ ಹೆಚ್ಚು ಶಾರ್ಕ್‌ಗಳಿಗೆ ಹೀಗೆ ಟ್ಯಾಗ್ ಬಿದ್ದಿದೆ. ಉತ್ತರ ಬಂದದ್ದು ಸ್ವಲ್ಪಕ್ಕೆ ಮಾತ್ರ. ದಿನಕ್ಕೆ ಕೋಟಿ ಲಾಗ್ ಲೈನ್ ನೋಡಿ ಬೈಕೊಳ್ಳೋ ನನಗೆ, ಒಂದು ಲಾಗ್ ಬರೋಕೆ ಹತ್ತು ವರ್ಷ ಕಾಯೋ ಈ ಜನರ ಮೇಲೆ ಭಾರೀ ಗೌರವ ಬಂತು.

ಆಮೇಲೆ ಉಪಗ್ರಹ ಬಂತು. 2003ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಂದು ಹೆಣ್ಣು ಗ್ರೇಟ್ ವೈಟ್‌ಗೆ ಟ್ಯಾಗ್ ಹಾಕಿದರು. ಹೆಸರು ನಿಕೋಲ್, ನಟಿ ನಿಕೋಲ್ ಕಿಡ್‌ಮನ್ ನೆನಪಿಗೆ. 99 ದಿನದಲ್ಲಿ ಅದು ಹಿಂದೂ ಮಹಾಸಾಗರ ದಾಟಿ, ಸುಮಾರು 11,000 ಕಿಲೋಮೀಟರ್ ಈಜಿ ಆಸ್ಟ್ರೇಲಿಯಾದ ಪಶ್ಚಿಮ ತೀರ ಮುಟ್ಟಿತ್ತು. ಟ್ಯಾಗ್ ಅಲ್ಲೇ ಕಳಚಿ ತೇಲಿತು. 2004ರ ಆಗಸ್ಟ್‌ನಲ್ಲಿ ನೋಡಿದರೆ ಅದೇ ಶಾರ್ಕ್ ವಾಪಸ್ ಆಫ್ರಿಕಾದಲ್ಲಿ! ಬೆನ್ನಿನ ರೆಕ್ಕೆಯ ಕಚ್ಚುಗಳನ್ನ ಫೋಟೋದಲ್ಲಿ ಹೋಲಿಸಿ ಗುರುತು ಹಿಡಿದರು. ಒಂದು ದೇಶದ ಕಾನೂನಿನಿಂದ ಈ ಪ್ರಾಣಿಯನ್ನ ಕಾಯೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಆದರೆ ಈಟಿ ಈಟಿಯೇ. ಈಗಿನ ಕೆಲವು ಟ್ಯಾಗ್‌ಗಳು ನೀರಲ್ಲಿ ಟಿಕ್ ಟಿಕ್ ಅಂತ ಸದ್ದು ಕಳಿಸುತ್ತವೆ, ದಡದ ಹತ್ತಿರ ಇಟ್ಟ ರಿಸೀವರ್ ಅದನ್ನ ಹಿಡಿಯುತ್ತೆ. ಆಸ್ಟ್ರೇಲಿಯಾದ ಬೀಚುಗಳಲ್ಲಿ ಹಾಗೆ ಶಾರ್ಕ್ ಹತ್ತಿರ ಬಂದರೆ ಜನರ ಫೋನಿಗೆ ಅಲರ್ಟ್ ಹೋಗುತ್ತೆ. ಒಳ್ಳೇ ಸಿಸ್ಟಮ್. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಇದೇ ಸಂಕೇತ ಹಿಡಿದು ಟ್ಯಾಗ್ ಇರೋ ಶಾರ್ಕನ್ನ ಹುಡುಕಿ ಕೊಲ್ಲೋಕೆ ಹೊರಟಿತ್ತು. ಸಂಶೋಧಕರು ಗಾಬರಿಯಾದರು. ಡೇಟಾ ಕಲೆಹಾಕಿದವರಿಗೆ ಅದು ಯಾರ ಕೈಗೆ ಹೋಗುತ್ತೆ ಅನ್ನೋದರ ಮೇಲೆ ಹಿಡಿತ ಇರಲ್ಲ. ನಮ್ಮ ಫೀಲ್ಡಿನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಊರಿನ ಗೆಳೆಯನಿಗೆ ಫೋನ್ ಮಾಡಿದೆ. ಮೊದಲ ಮಳೆ ಬಿದ್ದಿದೆ ಅಂತ ಅಪ್ಪಯ್ಯ ಹೇಳಿದ್ದರು. ಚಿತ್ರದ ಕಥೆ ಹೇಳಿ, ಕೊನೆಗೆ ಮೆಲ್ಲಗೆ, "ಮೊಟ್ಟೆ ಮೀನು ಕಡಿಯೋದು ಬಿಡೋ, ಪಾಪ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎಷ್ಟು ವರ್ಷ ಆಯ್ತು ಮಾರಾಯ ನೀನು ಹಳ್ಳಕ್ಕೆ ಇಳ್ದು?" ಅಂದ. "ನಾ ಕತ್ತಿ ತಗಂಡು ಹೋಗ್ದೆ ಮೂರು ಮಳೆಗಾಲ ಆಯ್ತು. ಹತ್ತೋಕೆ ಮೀನೆಲ್ಲಿದೆ? ಹತ್ತೋಕೆ ಗದ್ದೆಯಾದ್ರೂ ಎಲ್ಲಿದೆ? ಎಲ್ಲರೂ ಅಡಿಕೆ ಹಾಕಿದ್ರು. ಅಂಚು ಒಡೆದು ಕಪ್ಪು ತೆಗೆದ್ರು, ಬುಡಕ್ಕೆ ಕಳೆನಾಶಕ ಹೊಡೀತಾರೆ. ಮೊದಲು ಮುಗುಡು ಕಮ್ಮಿ ಆಯ್ತು, ಆಮೇಲೆ ಸಣ್ಣ ಮೀನು. ನಿಮ್ಮ ಕೆಳಗಿನ ಗದ್ದೆ ಇತ್ತಲ್ಲ, ಮಡೆ ಹತ್ರ, ಅಲ್ಲೇ ಕಡೇ ಸಲ ನಾ ನೋಡಿದ್ದು."

ಆ ಕೆಳಗಿನ ಗದ್ದೆಗೆ ಅಡಿಕೆ ಸಸಿ ಇಡಿಸಿದ್ದು ನನ್ನ ಸಂಬಳದ ದುಡ್ಡಿನಲ್ಲಿ. ಭತ್ತ ಮಾಡೋಕೆ ಆಳಿಲ್ಲ, ನೀನು ದುಡ್ಡು ಕಳಿಸಿದರೆ ತೋಟ ಮಾಡಬಹುದು ಅಂತ ಅಪ್ಪಯ್ಯ ಅಂದಾಗ, ಆಫೀಸಿನ ಮೀಟಿಂಗ್ ಮಧ್ಯೆ ಟ್ರಾನ್ಸ್‌ಫರ್ ಮಾಡಿದ್ದೆ. ಕತ್ತಿ ಬೀಸಿರಲಿಲ್ಲ, ಒಂದು ಮೀನಿನ ರಕ್ತವೂ ಕೈಗೆ ಅಂಟಿರಲಿಲ್ಲ. ಎಷ್ಟು ವರ್ಷಕ್ಕೆ ಯಾವ ಮೀನು ಎಷ್ಟು ಕಮ್ಮಿ ಆಯ್ತು ಅನ್ನೋ ಲೆಕ್ಕ ಇಟ್ಟವನು ಕಡಿಯೋನೇ. ಅವನಿಗೆ ನಾನು ಕರುಣೆಯ ಪಾಠ ಹೇಳೋಕೆ ಹೋಗಿದ್ದೆ.

ಚಿತ್ರದ ಮೇಲಿನ ನನ್ನ ಸಿಟ್ಟಿನ ಬೇರು ಇದು. ಸಮುದ್ರದಲ್ಲೂ ಹಾಗೇ ಆಗಿದೆ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 71% ಕುಸಿದಿದೆ ಅಂತ 2021ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಚಿತ್ರ ಬಿಡುಗಡೆಯಾದ ತಿಂಗಳೇ ಅದು. ಡರ್ಬನ್ ದೃಶ್ಯದಲ್ಲಿ ಪಂಜರದ ಸುತ್ತ ಮುತ್ತಿದ್ದ ಓಷಿಯಾನಿಕ್ ವೈಟ್‌ಟಿಪ್ ಜಾತಿ ಈಗ ಅಳಿವಿನ ಅಂಚಿನ ಪಟ್ಟಿಯ ತುದಿಯಲ್ಲಿದೆ. ಅಷ್ಟನ್ನೂ ಕೊಂದದ್ದು ಉಸಿರು ಕಟ್ಟಿ ಮುಳುಗೋ ಹುಚ್ಚರಲ್ಲ. ಮೈಲುಗಟ್ಟಲೆ ಗಾಳ, ಬಲೆ, ಕೋಲ್ಡ್ ಸ್ಟೋರೇಜ್, ರೆಕ್ಕೆಯ ವ್ಯಾಪಾರ. ಆ ಸರಪಳಿಯಲ್ಲಿ ಯಾರೂ ಮೀನಿನ ಕಣ್ಣು ನೋಡಿರಲ್ಲ. ವ್ಯಾಲೆರಿ ಕೊನೆಗೆ ಸಮುದ್ರ ಖಾಲಿಯಾದದ್ದರ ಬಗ್ಗೆ ಮಾತಾಡ್ತಾರೆ, ಅದು ಚಿತ್ರದ ಅತ್ಯಂತ ನಿಜವಾದ ಮಾತು. ಆದರೆ ಒಬ್ಬ ಹೆಣ್ಣುಮಗಳು ಈಟಿ ಬಿಟ್ಟ ಕಥೆಯನ್ನೇ ಬೆನ್ನೆಲುಬು ಮಾಡಿಕೊಂಡ ಚಿತ್ರಕ್ಕೆ, ಈಟಿಯನ್ನೇ ಹಿಡಿಯದ ನಮ್ಮಂಥ ಪ್ರೇಕ್ಷಕರನ್ನ ಏನೂ ಕೇಳೋಕಾಗಲ್ಲ. ನಾವು ಮೊದಲಿನಿಂದಲೂ ಒಳ್ಳೆಯವರು ಅಂದುಕೊಂಡೇ ಎದ್ದು ಹೋಗ್ತೀವಿ.

ಆದರೂ ನೋಡಿ. ಕೊನೆಗೆ ಫಿಜಿಯಲ್ಲಿ, ಆ ವಯಸ್ಸಿನಲ್ಲಿ, ಗುಲಾಬಿ ಬಣ್ಣದ ವೆಟ್‌ಸೂಟಿನೊಳಗೆ ಮೈ ತೂರಿಸೋಕೆ ಒದ್ದಾಡಿ, ಗಂಟು ನೋವಿಗೆ ಬೈದುಕೊಂಡು, ನೀರಿಗೆ ಬಿದ್ದ ಕೂಡಲೇ ಆ ಮೈ ಹಗುರಾಗೋದನ್ನ ನೋಡೋಕಾದರೂ ನೋಡಿ. 2012ರಲ್ಲಿ ರಾನ್ ತೀರಿಕೊಂಡ ಮೇಲೆ ಒಬ್ಬರೇ ಆದ ವ್ಯಾಲೆರಿ. ಆ ಜಾಗದಲ್ಲಿ ಸಂಗೀತವನ್ನ ಸ್ವಲ್ಪ ಸುಮ್ಮನಿರಿಸಿದ್ದರೆ ಇನ್ನೂ ಚೆನ್ನಾಗಿತ್ತು.

ಗೆಳೆಯನಿಗೆ ಕಳಿಸಿದ್ದೆ. ಊರಲ್ಲಿ ನೆಟ್‌ವರ್ಕ್ ಸಿಗೋದು ಸೊಸೈಟಿ ಕಟ್ಟೆ ಮೇಲೆ ಮಾತ್ರ, ಅಲ್ಲಿ ಕೂತು ತುಂಡುತುಂಡಾಗಿ ನಾಲ್ಕು ದಿನ ನೋಡಿದ. ಇಂಗ್ಲಿಷ್ ಅಷ್ಟು ತಿಳೀಲಿಲ್ಲ ಅಂದ. ವ್ಯಾಲೆರಿ ಉಕ್ಕಿನ ಬಲೆಯ ಅಂಗಿ ಹಾಕಿಕೊಂಡು ಶಾರ್ಕಿನ ಬಾಯಿಗೆ ತೋಳು ಕೊಡೋ ದೃಶ್ಯವನ್ನ ಮಾತ್ರ ಮೂರು ಸಲ ನೋಡಿದನಂತೆ. ಆಮೇಲೆ ಫೋನ್ ಮಾಡಿ ಕೇಳಿದ, "ಅಲ್ಲ ಮಾರಾಯ, ಆ ಅಂಗಿ ಎಷ್ಟು ತೂಕ ಇರಬಹುದು? ಅದನ್ನ ಹಾಕ್ಕೊಂಡು ಆಯಮ್ಮ ನೀರಲ್ಲಿ ಮೇಲೆ ಹೆಂಗೆ ನಿಂತ್ಲು?"